ಲೆನ್ಸ್ ಕಾಕಾ

ನಮ್ಮ ಕಡೆ ಬಿಸಿಲಲ್ಲಿ ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು, ಜೊತೆಗೊಂದು ಚೂರು ಬೆಲ್ಲ ಕೊಡುವುದು ರೂಢಿ. ಲೆನ್ಸ್ ಕಾಕಾ ಬಂದರೆ ನೀರಿಗಿಂತ ಮೊದಲು ಟಾರ್ಚು ಕೇಳುತ್ತಾರೆ. ನಿಮ್ಮ ಅಜ್ಜನ ಕ್ಯಾಮೆರಾ ಅಟ್ಟದ ಮೇಲಿದೆ ಎಂಬ ಸುದ್ದಿ ಅವರಿಗೆ ಹೇಗೋ ಮುಟ್ಟಿರುತ್ತದೆ. ಅದನ್ನು ಇಳಿಸಿ, ಧೂಳು ಊದಿ, ಲೆನ್ಸು ಬಿಚ್ಚಿ, ಹಿಂದಿನಿಂದ ಟಾರ್ಚು ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕುತ್ತಾರೆ. ಮನೆಯಲ್ಲಿ ಮಾತು ನಿಲ್ಲುತ್ತದೆ. "ಫಂಗಸ್ ಹತ್ತೇತ್ರಿ" ಎನ್ನುತ್ತಾರೆ. ಒಳಗಿನಿಂದ ಅಜ್ಜಿ ಗಾಬರಿಯಾಗಿ "ಯಾರಿಗೋ ಯಪ್ಪಾ?" ಎಂದು ಹೊರಗೆ ಬರುತ್ತಾಳೆ.

ಇಂಥವರು ನಮ್ಮ ಜಿಲ್ಲೆಯಲ್ಲಿ ಊರಿಗೆ ಒಬ್ಬರಾದರೂ ಇದ್ದಾರೆ. ಕೆಲವರು ರಿಟೈರಾದ ಡ್ರಾಯಿಂಗ್ ಮಾಸ್ತರರು, ಕೆಲವರು ಬಾಗಿಲು ಹಾಕಿದ ಸ್ಟುಡಿಯೊದ ಮಾಲಕರು. ನಾನು ಹೇಳುತ್ತಿರುವ ಕಾಕಾ ಬಾಗಲಕೋಟೆಯ ನವನಗರದವರು, ನೀರಾವರಿ ಇಲಾಖೆಯಿಂದ ನಿವೃತ್ತರು. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯೊಳಗೆ ಬಂದು ಮನೆ ಖಾಲಿ ಮಾಡುವಾಗ ಮಂದಿ ದೇವರ ಜಗಲಿ ಮೊದಲು ಹೊತ್ತರಂತೆ, ಇವರು ಲೆನ್ಸಿನ ಟ್ರಂಕು ಹೊತ್ತರಂತೆ. ಇದು ಕಾಕು ಹೇಳುವ ಮಾತು. ಕಾಕಾ ಇದನ್ನು ಅಲ್ಲಗಳೆದಿಲ್ಲ. ಎರಡನೇ ಖೇಪಿನಲ್ಲಿ ದೇವರೂ ಬಂದ ಎಂದಷ್ಟೇ ತಿದ್ದುತ್ತಾರೆ.

ನೀವು ಹಂಪಿಗೆ ಹೋಗಿ ಬಂದೆ ಎನ್ನಿ, ಕಬಿನಿಯಲ್ಲಿ ಹುಲಿ ಸಿಕ್ಕಿತು ಎನ್ನಿ, ಅವರ ಪ್ರಶ್ನೆ ಒಂದೇ: "ಯಾವ ಗ್ಲಾಸು?" ಹುಲಿ ಗಂಡೋ ಹೆಣ್ಣೋ ಅವರಿಗೆ ಬೇಡ. ಅವರ ಟ್ರಂಕಿನಲ್ಲಿ ಹೆಣ್ಣುಗಳೂ ಗಂಡುಗಳೂ ಇರುವುದು ಬೇರೆ ಲೆಕ್ಕದಲ್ಲಿ. ಕ್ರಾಸ್ನೋಗೋರ್ಸ್ಕ್ ಕಾರ್ಖಾನೆಯ 58 ಎಂಎಂ ಹೀಲಿಯೋಸ್ 44-2 ಅವರ ಬಾಯಲ್ಲಿ "ರಷ್ಯಾದಾಕಿ". ಜರ್ಮನಿಯ ಝೈಸ್ ಬಯೋಟಾರ್ ನೋಡಿ ಸೋವಿಯತ್ ಮಂದಿ ಮಾಡಿದ ಲೆನ್ಸು ಅದು. ಎಫ್/2ಕ್ಕೆ ತೆರೆದು ಬೇವಿನ ಗಿಡದ ಮುಂದೆ ಯಾರನ್ನಾದರೂ ನಿಲ್ಲಿಸಿದರೆ ಹಿಂದಿನ ಎಲೆಗಳೆಲ್ಲ ಸುಳಿ ಸುಳಿಯಾಗಿ ತಿರುಗುತ್ತವೆ. ಸಂಬಂಧಿಕರ ಹುಡುಗಿಯ ಫೋಟೋವನ್ನು ಗಂಡಿನ ಕಡೆಯವರಿಗೆ ಕಳಿಸಬೇಕೆಂದಾಗ ಕಾಕಾ ಇದರಲ್ಲೇ ತೆಗೆದುಕೊಟ್ಟರು. ಅದನ್ನು ನೋಡುತ್ತಾ ಕೂತ ಬೀಗರಿಗೆ ತಲೆ ತಿರುಗಿತೆಂಬ ಸುದ್ದಿ ಹುನಗುಂದದವರೆಗೂ ಹಬ್ಬಿತ್ತು. ಸಂಬಂಧ ಕೂಡಿಬಂತು, ಆ ಮಾತು ಬೇರೆ.

ಟಾಕುಮಾರ್ ಎಂಬ ಜಪಾನಿನ 50 ಎಂಎಂ ಎಫ್/1.4 ಇನ್ನೊಂದಿದೆ. ಅದರ ಒಂದು ಗಾಜಿನಲ್ಲಿ ಥೋರಿಯಂ ಬೆರೆಸಿದ್ದರು. ಥೋರಿಯಂ ಗಾಜು ದಶಕಗಳು ಕಳೆದಂತೆ ಹಳದಿಗೆ ತಿರುಗುತ್ತದೆ, ವಾರಗಟ್ಟಲೆ ಬಿಸಿಲಿಗಿಟ್ಟರೆ ಮತ್ತೆ ತಿಳಿಯಾಗುತ್ತದೆ. ಬಾಗಲಕೋಟೆಯ ಏಪ್ರಿಲ್ ಬಿಸಿಲು ಇದಕ್ಕೆಂದೇ ಹುಟ್ಟಿದ್ದು. ಮಾಳಿಗೆಯ ಮೇಲೆ ಒಂದು ಕಡೆ ಕಾಕುವಿನ ಸಂಡಿಗೆ, ಇನ್ನೊಂದು ಕಡೆ ಬೆಳ್ಳಿ ಹಾಳೆಯ ಮೇಲೆ ಕೂತ ಟಾಕುಮಾರ್. ಹಾಳೆ ಯಾಕೆಂದರೆ, ಮೊದಲ ಸಲ ಅದನ್ನು ಧೋತರದ ಮಡಿಕೆಯ ಮೇಲೆ ಇಟ್ಟಿದ್ದರು. ಸೂರ್ಯನನ್ನು ಲೆನ್ಸು ಬಹಳ ಚೆಂದ ಫೋಕಸ್ ಮಾಡಿತ್ತು. "ಸಂಡಿಗಿಗೆ ಕಾಗಿ ಕಾಯ್ರಿ ಅಂದ್ರ ಕಾಲು ನೋಯ್ತಾವ, ಆ ಡಬ್ಬಿ ಮುಂದ ದಿನವಿಡೀ ಕುಂದರತಾರ" ಎನ್ನುವ ಕಾಕುವಿಗೆ ಆ ತೂತು ಬಿದ್ದ ಧೋತರ ಇವತ್ತಿಗೂ ಸಾಕ್ಷಿ.

ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂಡಿಸಲು ಅಡಾಪ್ಟರ್ ಬೇಕು. ನಿಕಾನಿನ ಹಳೆಯ ಲೆನ್ಸು ಫಿಲ್ಮಿನಿಂದ 46.5 ಮಿ.ಮೀ. ದೂರ ನಿಲ್ಲುವಂತೆ ಮಾಡಿದ್ದು. ಸೋನಿಯ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಆ ದೂರ ಬರೀ 18. ನಡುವಿನ 28.5 ಮಿ.ಮೀ. ತುಂಬಲು ಒಂದು ಲೋಹದ ಕೊಳವೆ. ಒಳಗೆ ಗಾಜಿಲ್ಲ, ತಂತಿಯಿಲ್ಲ, ಏನೂ ಇಲ್ಲ. "ಟೊಳ್ಳು ಕೊಳವಿಗೆ ಇಷ್ಟು ರೊಕ್ಕ ಯಾಕ?" ಎಂದು ಕಾಕು ಕೇಳಿದ ದಿನ ಕಾಕಾ ಸೋಲುವವರಿದ್ದರು. ಅಷ್ಟರಲ್ಲಿ ಆಕೆಯ ಸೀರೆ ಕಣ್ಣಿಗೆ ಬಿತ್ತು. "ನಿನ್ನ ಇಳಕಲ್ ಸೀರಿ ನೋಡು. ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತಾರಲ್ಲ? ಅದಕ್ಕ ರೊಕ್ಕ ಕೊಡತಿ. ಇದೂ ಕೊಂಡಿನ." ಆಕೆ ಆ ವಾದಕ್ಕೆ ಒಪ್ಪಿದಳು. ಒಪ್ಪಿ ಅಂದಿನಿಂದ ಒಂದು ಕೊಂಡಿಗೆ ಒಂದು ಸೀರೆ ಎಂಬ ಕಾನೂನು ಮಾಡಿದಳು. ಗೋಮಿ ದಡಿ, ಚಿಕ್ಕಿ ಪರಾಸ ಎಂದೆಲ್ಲ ಈಗ ಕಪಾಟು ತುಂಬಿದೆ. ಕಾಕಾ ಎಷ್ಟು ಲೆನ್ಸು ತಂದರೆಂದು ತಿಳಿಯಬೇಕಾದರೆ ಟ್ರಂಕು ತೆಗೆಯಬೇಕಿಲ್ಲ.

ಈ ತಳಿ ನಮ್ಮ ಜಿಲ್ಲೆಯಲ್ಲೇ ಇಷ್ಟು ಹುಲುಸಾಗಿ ಬೆಳೆಯಲು ನನ್ನ ಪ್ರಕಾರ ಚಾಲುಕ್ಯರೇ ಕಾರಣ. ಕಲ್ಲು ಅಲುಗಾಡುವುದಿಲ್ಲ. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಲೇಶ ಶಾಸನ ಬರೆಸಿದ್ದು ಕ್ರಿ.ಶ. 578ರಲ್ಲಿ. ಅಂದಿನಿಂದ ಆದಿಶೇಷನ ಮೇಲೆ ಕೂತ ವಿಷ್ಣು ಒಂದು ಸಲವೂ ಮಗ್ಗುಲು ಬದಲಿಸಿಲ್ಲ. ಕಾಕಾ ಅರ್ಧ ಗಂಟೆ ರಿಂಗು ತಿರುವಿದರೂ ಬೇಜಾರಾಗದ ಗಿರಾಕಿ ಇಷ್ಟು ಮಂದಿ ಬೇರೆಲ್ಲಿ ಸಿಗಬೇಕು? ಅದರಲ್ಲೂ ಮೊದಲ ಗುಹೆಯ ನಟರಾಜನೆಂದರೆ ಅವರಿಗೆ ಪ್ರಾಣ. ಹದಿನೆಂಟು ಕೈ. ಎಫ್/2ರಲ್ಲಿ ಹತ್ತಿರದಿಂದ ತೆಗೆದರೆ ಎಲ್ಲ ಕೈಯೂ ಒಟ್ಟಿಗೆ ಸ್ಪಷ್ಟವಾಗುವುದಿಲ್ಲ. ಈ ಸಲ ಯಾವ ಕೈ ಎಂಬ ಯೋಚನೆಯಲ್ಲೇ ಮಧ್ಯಾಹ್ನವಾಗುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕದೊಳಗೆ ಅನುಮತಿ ಇಲ್ಲದೆ ಟ್ರೈಪಾಡು ಇಡುವಂತಿಲ್ಲ. ಆದ್ದರಿಂದ ಕಂಬಕ್ಕೆ ಒರಗಿ, ಮೊಣಕೈ ಹೊಟ್ಟೆಗೆ ಒತ್ತಿ, ಉಸಿರು ಕಟ್ಟಿ, ಸೆಕೆಂಡಿನ ಹದಿನೈದನೇ ಒಂದು ಭಾಗದ ಶಟರು ಒತ್ತುತ್ತಾರೆ. ಶಾಲಾ ಪ್ರವಾಸದ ಮಕ್ಕಳು ಸುತ್ತ ನಿಂತು ಅವರೂ ಉಸಿರು ಕಟ್ಟುತ್ತಾರೆ.

ಫೋಕಸ್ ಆದ ಅಂಚುಗಳಿಗೆ ಬಣ್ಣ ಬಳಿದು ತೋರಿಸುವ ಒಂದು ಸೌಲಭ್ಯ ಹೊಸ ಕ್ಯಾಮೆರಾಗಳಲ್ಲಿದೆ, ಪೀಕಿಂಗ್ ಎನ್ನುತ್ತಾರೆ. ಕಾಕಾ ಮೊದಲು ಕೆಂಪು ಬಣ್ಣ ಇಟ್ಟುಕೊಂಡಿದ್ದರು. ಕೆಂಪು ಕಲ್ಲಿನ ಬಾದಾಮಿಯಲ್ಲಿ ಕೆಂಪು ಗುರುತು! ಬೆಟ್ಟವೆಲ್ಲ ಫೋಕಸ್ ಆದಂತೆಯೂ ಏನೂ ಆಗದಂತೆಯೂ ಕಂಡು, ಆಮೇಲೆ ಹಳದಿಗೆ ಬಂದರು. ಭೂತನಾಥ ಗುಡಿಗೆ ಮಾತ್ರ ಸಂಜೆಯೇ ಹೋಗುತ್ತಾರೆ. ಪಶ್ಚಿಮಕ್ಕೆ ಮುಖ ಮಾಡಿದ ಗುಡಿ, ಮುಂದೆ ಅಗಸ್ತ್ಯ ತೀರ್ಥ, ಇಳಿಬಿಸಿಲು. ನಡುಮಧ್ಯಾಹ್ನ ಬಂದು ಮೊಬೈಲು ಎತ್ತಿದವರನ್ನು ನೋಡಿ ಅವರು ಮರುಗುವ ಪರಿ ನೋಡಬೇಕು. ಅಲ್ಲಿಯ ಮಂಗಗಳಿಗೂ ಅವರ ಪರಿಚಯವಿದೆ. ಒಂದು ಮಂಗ ಲೆನ್ಸಿನ ಮುಚ್ಚಳ ಕಿತ್ತುಕೊಂಡು, ಕಚ್ಚಿ ನೋಡಿ, ತಿನ್ನಲು ಬಾರದೆಂದು ಕೆರೆಗೆ ಎಸೆಯಿತು. "ಲೋಹದ್ದು, ಅದಕ್ಕ ಹಲ್ಲು ಇಳೀಲಿಲ್ಲ. ಈಗಿನ ಪ್ಲಾಸ್ಟಿಕ್ ಆಗಿದ್ರ ಪುಡಿ ಮಾಡ್ತಿತ್ತು" ಎಂದು ಕಾಕಾ ಕೆರೆಯನ್ನು ನೋಡುತ್ತ ಹೆಮ್ಮೆಪಟ್ಟರು.

ತಮ್ಮ ಮೂಲಪುರುಷ ಎಂದು ಅವರು ಹೇಳುವುದು ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಫೋಟೋ ತೆಗೆಯಲು ಕಳಿಸಿದ ಫಿರಂಗಿ ದಳದ ಅಧಿಕಾರಿ. ಕಾಗದದ ನೆಗೆಟಿವು, ಹೊತ್ತು ತಿರುಗಲು ಆಳು. 1866ರಲ್ಲಿ ಲಂಡನ್ನಿನಲ್ಲಿ ಆ ಚಿತ್ರಗಳಲ್ಲಿ ಕೆಲವು ಮೆಡೋಸ್ ಟೇಲರ್, ಜೇಮ್ಸ್ ಫರ್ಗುಸನ್ ಬರಹಗಳ ಜೊತೆ ಪುಸ್ತಕವಾದವು. "ಅವನಿಗೆಲ್ಲಿತ್ತೋ ಆಟೋಫೋಕಸ್ಸು?" ಎಂದು ಕಾಕಾ ಕೇಳುತ್ತಾರೆ. ಅವನಿಗೆ ಫ್ರೇಮಿನೊಳಗೆ ಸೆಲ್ಫಿ ಕೋಲೂ ಇರಲಿಲ್ಲ ಎಂದು ನಾನು ಹೇಳಿದರೆ ಅಸೂಯೆಯಿಂದ ತಲೆಯಾಡಿಸುತ್ತಾರೆ.

ಹುನಗುಂದ ತಾಲ್ಲೂಕಿನ ಐಹೊಳೆಗೆ ಹೋಗುವಾಗ ಅವರು ಒಯ್ಯುವುದು ನಿಕಾನಿನ 43-86 ಝೂಮು. 1963ರದು, ಝೂಮುಗಳ ಪೈಕಿ ಅಜ್ಜ. ಚೂಪು ಕಮ್ಮಿ, ಬಿಸಿಲು ತಾಗಿದರೆ ಚಿತ್ರವೆಲ್ಲ ಮಂಕು, ನೆಟ್ಟಗಿನ ಗೆರೆಗಳನ್ನು ಬಾಗಿಸುವುದರಲ್ಲಿ ಮಾತ್ರ ಎತ್ತಿದ ಕೈ. ದುರ್ಗ ಗುಡಿಯ ಕಂಬಗಳೆಲ್ಲ ಹೊಟ್ಟೆ ಬಿಟ್ಟಂತೆ ಬಂದ ಚಿತ್ರವನ್ನು ನೋಡಿ ಅಳಿಯ ನಕ್ಕ. "ಗಜಪೃಷ್ಠದ ಗುಡಿ ಅದು, ತಮ್ಮಾ. ಆನಿ ಬೆನ್ನು. ಬಾಗಬೇಕು" ಎಂದರು. ಗುಡಿ ಬಾಗಿರುವುದು ಹಿಂದೆ, ಚಿತ್ರ ತೆಗೆದದ್ದು ಮುಂದಿನಿಂದ. ಯಾರೂ ಹೇಳಲಿಲ್ಲ.

ಬನಶಂಕರಿ ಜಾತ್ರೆಯಲ್ಲಿ ಮಾತ್ರ ಕಾಕಾ ಗೆಲ್ಲುತ್ತಾರೆ. ಬನದ ಹುಣ್ಣಿಮೆಯ ಗದ್ದಲ, ಎಲ್ಲಿ ನೋಡಿದರೂ ತಲೆ. ಅಳಿಯನ ಕ್ಯಾಮೆರಾ ಮುಂದಿನವನ ರುಮಾಲಿಗೆ ಫೋಕಸ್ ಮಾಡಿ ಅಲ್ಲಿಯೇ ಕಚ್ಚಿಕೊಂಡಿರುತ್ತದೆ. ಕಾಕಾ 50 ಎಂಎಂ ಹಾಕಿ, ಎಫ್/8 ಇಟ್ಟು, ರಿಂಗನ್ನು ಹತ್ತು ಅಡಿಗೆ ನಿಲ್ಲಿಸುತ್ತಾರೆ. ಸುಮಾರು ಎಂಟು ಅಡಿಯಿಂದ ಹದಿನಾಲ್ಕು ಅಡಿವರೆಗೆ ಬಂದದ್ದೆಲ್ಲ ಸ್ಪಷ್ಟ. ಲೆಕ್ಕ ಲೆನ್ಸಿನ ಮೈಮೇಲೆಯೇ ಕೆತ್ತಿದೆ. ಆಮೇಲೆ ಕಣ್ಣಿಗೆ ಕ್ಯಾಮೆರಾ ಹಿಡಿಯುವುದೂ ಇಲ್ಲ. ಎದೆಯ ಮಟ್ಟದಲ್ಲಿ ಇಟ್ಟುಕೊಂಡು ನಡೆಯುತ್ತಾರೆ, ಬಳೆಗಾರ್ತಿ, ತೊಟ್ಟಿಲಲ್ಲಿ ಕಿರುಚುವ ಹುಡುಗರು, ನಾಟಕ ಕಂಪನಿಯ ಬೋರ್ಡಿನ ಕೆಳಗೆ ಬೀಡಿ ಸೇದುವ ಹಾಸ್ಯನಟ, ಎಲ್ಲವೂ ಬರುತ್ತವೆ. ಆ ಚಿತ್ರಗಳು ನಿಜಕ್ಕೂ ಚೆನ್ನಾಗಿವೆ. ಅವರಿಗೆ ಮಾತ್ರ ಅವುಗಳ ಮೇಲೆ ಅಷ್ಟು ಅಭಿಮಾನವಿಲ್ಲ, ಕಷ್ಟಪಡಲಿಲ್ಲವಲ್ಲ ಎಂಬ ಕೊರಗು.

ಕಷ್ಟಪಡಲು ಅವರು ಕಾಡಿಗೆ ಹೋಗುತ್ತಾರೆ. ಇಲ್ಲಿ ನಾನು ಕಾಕಾನ ಪಕ್ಷವಲ್ಲ. ಪ್ರಾಣಿಗೆ ಫೋಕಸ್ ತಾನೇ ಹುಡುಕುವ ಲೆನ್ಸೇ ಮೇಲು, ಈ ವಿಷಯದಲ್ಲಿ ಚರ್ಚೆ ಬೇಕಿಲ್ಲ. ಕಾಕಾ ಚರ್ಚೆ ಬಿಡುವುದಿಲ್ಲ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ತೇಜಸ್ವಿ, ಇವರೆಲ್ಲ ಕೈಯಿಂದಲೇ ರಿಂಗು ತಿರುವಿ ಹಕ್ಕಿ, ಮೃಗ ತೆಗೆಯಲಿಲ್ಲವೇ ಎನ್ನುತ್ತಾರೆ. ತೆಗೆದರು. ಆದರೆ ಅವರು ಮರೆ ಕಟ್ಟಿಕೊಂಡು ಮಿಸುಕದೆ ಕೂತು ಕಾಯುತ್ತಿದ್ದವರು. ಕಾಕಾಗೆ ಅರ್ಧ ಗಂಟೆಗೊಮ್ಮೆ ಚಹಾ ಬೇಕು, ಮೂಗಿಗೆ ನಶ್ಯ ಬೇಕು, ನಶ್ಯ ಏರಿಸಿದ ಮೇಲೆ ಸೀನಲೇಬೇಕು.

ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, ರಾಜಹಂಸಗಳೂ ಬರುತ್ತವೆ. ಅವಕ್ಕೆ ಕಾಕಾ ತೆಗೆಯುವುದು 500 ಎಂಎಂ ಮಿರರ್ ಲೆನ್ಸು: ಗಿಡ್ಡ, ಹಗುರ, ಒಳಗೆ ಕನ್ನಡಿ, ಎಫ್/8 ಬಿಟ್ಟರೆ ಬೇರೆ ಅಪರ್ಚರ್ ಇಲ್ಲ. ಹಿನ್ನೆಲೆಯ ನೀರಿನ ಹೊಳಪೆಲ್ಲ ಉಂಗುರ ಉಂಗುರವಾಗಿ ಬೀಳುತ್ತದೆ. ಕಾಕು ಆ ಚಿತ್ರ ನೋಡಿ "ಹಂಸ ಎಲ್ಲೈತಿ?" ಎಂದಳು. ಉಂಗುರಗಳ ನಡುವೆ ಬೆರಳಿಟ್ಟು ತೋರಿಸಿದರು. ಝೂಮು ಬೇಕಾದಾಗ ವಿವಿಟಾರ್ ಸೀರೀಸ್ 1, 70-210, ಹಿಂದೆ ಮುಂದೆ ಎಳೆದು ನೂಕುವ ಜಾತಿ. ಎಳೆದಾಗಲೆಲ್ಲ ಒಂದಿಷ್ಟು ಹುನಗುಂದದ ಎರಿಮಣ್ಣಿನ ಧೂಳನ್ನು ಒಳಗೆ ಎಳೆದುಕೊಳ್ಳುತ್ತದೆ. ಕೆಳಮುಖ ಮಾಡಿದರೆ ತಾನೇ ಜಾರಿ ಉದ್ದವಾಗುತ್ತದೆ. ಅದಕ್ಕೆ ಮೊಮ್ಮಗಳ ಜಡೆಯ ರಬ್ಬರ್ ಬ್ಯಾಂಡ್ ಹಾಕಿದ್ದಾರೆ, ಗುಲಾಬಿ ಬಣ್ಣದ್ದು, ಮೇಲೊಂದು ಚಿಟ್ಟೆ.

ಆ ಚಿಟ್ಟೆಯೊಂದಿಗೆ ಯಡಹಳ್ಳಿ ಚಿಂಕಾರ ಅಭಯಾರಣ್ಯಕ್ಕೆ ಹೋದದ್ದು ನಮ್ಮಲ್ಲಿ ಐತಿಹಾಸಿಕ. ಚಿಂಕಾರ ಸಣ್ಣ ಜಿಂಕೆ, ಕಲ್ಲುಗುಡ್ಡದ ಕುರುಚಲಲ್ಲಿ ಕಂಡರೆ ಕಂಡಿತು. ಕಾಕಾ ಒಂದು ಬಂಡೆಗೆ ಮೊದಲೇ ಫೋಕಸ್ ಇಟ್ಟು, ಅಲ್ಲಿಗೇ ಬರುತ್ತದೆ ಎಂದು ಕೂತರು. ಜಿಂಕೆಗೆ ಈ ಏರ್ಪಾಡು ತಿಳಿದಿರಲಿಲ್ಲ. ಅದು ಬಂಡೆಯ ಆಚೆ ಬಂತು. ಕಾಕಾ ರಿಂಗು ತಿರುವಿದರು. ಹಿಂದಿನ ವಾರವೆಲ್ಲ ಇನ್ನೊಂದು ಲೆನ್ಸು ಹಿಡಿದಿದ್ದ ಕೈ, ಅಂದು ಕೈಲಿದ್ದದ್ದು ಈ ವಿವಿಟಾರ್. ಎರಡರ ರಿಂಗೂ ಒಂದಕ್ಕೊಂದು ಉಲ್ಟಾ. ಬಲಕ್ಕೆ ತಿರುವಬೇಕಾದದ್ದು ಎಡಕ್ಕೆ ಹೋಗಿ ಜಿಂಕೆ ಹೊಗೆಯಲ್ಲಿ ಕರಗಿತು. ಸರಿಯಾದ ಕಡೆ ತಿರುವಿ ತರುವಷ್ಟರಲ್ಲಿ ಸೀನು ಬಂತು. ಪಕ್ಕದಲ್ಲಿ ಅಳಿಯನ ಕ್ಯಾಮೆರಾ ಜಿಂಕೆಯ ಕಣ್ಣು ತಾನೇ ಹುಡುಕಿ ಸೆಕೆಂಡಿಗೆ ಇಪ್ಪತ್ತು ಫೋಟೋ ಹೊಡೆದಿತ್ತು. ಮನೆಯಲ್ಲಿ ಟಿ.ವಿ.ಗೆ ಹಾಕಿ ನೋಡಿದಾಗ ಕಾಕಾನ ಚಿತ್ರದಲ್ಲಿ ಒಂದು ಮೂಲೆಗೆ ಬಾಲ, ಉಳಿದಲ್ಲೆಲ್ಲ ಗಿಡ. ಕಾಕು ಬಹಳ ಹೊತ್ತು ನೋಡಿ "ಜಾಲಿ ಭಾಳ ಚಲೋ ಬಂದೈತಿ" ಎಂದಳು. ಅಷ್ಟು ಹೊತ್ತಿಗೆ ಅಳಿಯ ತನ್ನ ನೂರಾರು ಚಿತ್ರಗಳಲ್ಲಿ ಯಾವುದು ಇಡುವುದು, ಯಾವುದು ಅಳಿಸುವುದು ತಿಳಿಯದೆ ನಿದ್ದೆ ಹೋಗಿದ್ದ.

ಇಳಕಲ್ಲಿನ ಹಳೆಯ ಸ್ಟುಡಿಯೊಗಳಲ್ಲಿ ಕಾಕಾ ನಡೆಸುವ ವ್ಯಾಪಾರದ ಬಗ್ಗೆ ಬೇರೆಯೇ ಬರೆಯಬೇಕು. ಸೀರೆ ಕೊಡಿಸುವ ನೆಪದಲ್ಲಿ ಹೋಗುತ್ತಾರೆ. ಲೆನ್ಸು ಬೇಡ, ಅದರ ಚರ್ಮದ ಚೀಲ ಸಾಕು ಎಂದು ಮಾತು ಶುರು ಮಾಡುತ್ತಾರೆ. ಐನೂರಕ್ಕೆ ಬಂದ ಸೌದಾ ಅವರು ಜೇಬಿನಿಂದ ಟಾರ್ಚು ತೆಗೆದ ಕ್ಷಣ ಮೂರು ಸಾವಿರಕ್ಕೆ ಏರುತ್ತದೆ. ಟಾರ್ಚು ಇಲ್ಲದೆ ಕೊಳ್ಳಲು ಅವರಿಗೆ ಮನಸ್ಸು ಬಾರದು.

ಕಳೆದ ದೀಪಾವಳಿಗೆ ಅಳಿಯ ಹಟ ಹಿಡಿದು ಅವರನ್ನು ದೊಡ್ಡ ಕ್ಯಾಮೆರಾ ಅಂಗಡಿಗೆ ಕರೆದೊಯ್ದ. ಮಾರುವ ಹುಡುಗ ಹೊಸ ಝೂಮು ಕೈಗಿಟ್ಟ. ಕಾಕಾ ತೂಗಿ ನೋಡಿದರು, ಮೂಸಿ ನೋಡಿದರು, ಟಾರ್ಚು ಹಿಡಿದು ನೋಡಿದರು. ಫಂಗಸ್ ಇರಲಿಲ್ಲ.

"ಅಪರ್ಚರ್ ರಿಂಗ್ ಎಲ್ಲೈತಿ?"

"ಇದಕ್ಕ ಇಲ್ರಿ ಸರ್."

"ಫೂಟು, ಮೀಟರು ಎಲ್ಲಿ ಬರದಾರ?"

"ಅದೂ ಇಲ್ರಿ. ನೀವೇನೂ ಮಾಡಬ್ಯಾಡ್ರಿ ಸರ್, ಎಲ್ಲಾ ಅದ ಮಾಡತೈತಿ."

ಕಾಕಾ ಲೆನ್ಸನ್ನು ಜೋಪಾನವಾಗಿ ಗಾಜಿನ ಮೇಜಿನ ಮೇಲೆ ಇಟ್ಟರು. "ಏನೂ ಮಾಡದ ಕುಂದ್ರಾಕ ನನಗ ಸರಕಾರ ತಿಂಗಳಾ ಪಿಂಚಣಿ ಕೊಡತೈತಿ ತಮ್ಮಾ. ಅದಕ್ಕ ನಾನ ಮತ್ತ ನಿನಗ ಒಂದು ಲಕ್ಷ ಯಾಕ ಕೊಡ್ಲಿ?"