ಅಕ್ಕೋರೇ, ಆ ಟ್ರಂಕು ಒಮ್ಮೆ ತೆಗೆಯಿರಿ

ಅಕ್ಕೋರೇ, ತುಳಸಿಗೆ ನೀರು ಹಾಕಿ ಆಯ್ತೇ? ಹಾಗಾದರೆ ದಣಪೆ ಹತ್ತಿರ ಒಂದು ಗಳಿಗೆ ಬನ್ನಿ. ನಿಮ್ಮ ಕರಿ ಇಶಾಡ ಮಾವಿನ ಟೊಂಗೆ ನಮ್ಮ ಬದಿಗೆ ಬಾಗಿದೆಯಲ್ಲ, ಅದರ ತುದಿಯಲ್ಲಿ ಚಗಳಿ ಇರುವೆ ಗೂಡು ಕಟ್ಟುತ್ತಿದೆ. ಇನ್ನು ನಾಲ್ಕು ದಿನ ಅದನ್ನು ಕಡಿಸಬೇಡಿ.

ಬೆಳಿಗ್ಗೆ ಆರೂವರೆಯಿಂದ ಕ್ಯಾಮೆರಾ ಹಿಡಿದು ಅದರ ಎದುರಿಗೇ ನಿಂತಿದ್ದೆ. ಒಂದು ಸಾಲು ಇರುವೆ ಎರಡು ಎಲೆಗಳ ಅಂಚನ್ನು ಎಳೆದು ಕೂಡಿಸಿ ಹಿಡಿಯುತ್ತವೆ. ಇನ್ನೊಂದು ಇರುವೆ ಗೂಡಿನದೇ ಮರಿಹುಳವನ್ನು ಬಾಯಲ್ಲಿ ಕಚ್ಚಿಕೊಂಡು ಬಂದು, ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಮುಟ್ಟಿಸುತ್ತದೆ. ಮರಿಯಿಂದ ಹೊರಡುವ ರೇಷ್ಮೆ ನೂಲೇ ಹೊಲಿಗೆ. ಬೇಲೆಕೇರಿಯಲ್ಲಿ ಬಲೆ ಹೆಣೆಯುವವರ ಕೈ ನೋಡಿದ್ದೀರಲ್ಲ, ಹಾಗೆಯೇ ಆ ಓಡಾಟ. ಅಷ್ಟು ಹತ್ತಿರದಿಂದ ಅದನ್ನು ಕಂಡಾಗ ಉಸಿರು ಬಿಡಲೂ ಮನಸ್ಸಾಗಲಿಲ್ಲ.

ನನ್ನ ಕ್ಯಾಮೆರಾಕ್ಕೆ ಹಾಕಿದ್ದು ಹೊಸ ಲೆನ್ಸ್ ಅಲ್ಲ, ಹೀಲಿಯೊಸ್ 44-2. ಹಳೆಯ ಝೆನಿತ್ ಕ್ಯಾಮೆರಾಗಳ ಜೊತೆ ಬರುತ್ತಿತ್ತು. ಜರ್ಮನಿಯ ಝೈಸ್‌ನವರ ಬಯೋಟಾರ್ ಲೆನ್ಸಿನ ನಕ್ಷೆಯನ್ನು ಇಟ್ಟುಕೊಂಡು ಸೋವಿಯತ್‌ನವರು ಮಾಡಿದ್ದು. ಕಾರವಾರದ ಕಡಲತಡಿಯಲ್ಲಿ ನಿಲ್ಲಿಸಿದ ಐಎನ್‌ಎಸ್ ಚಪಲ್ ನೌಕೆ, ಸಂಗ್ರಹಾಲಯವಾಗಿರುವ ಟುಪೊಲೆವ್ ವಿಮಾನ, ಅವೂ ಅದೇ ದೇಶದವು. ಮೊನ್ನೆ ಭಾನುವಾರ ಅಲ್ಲಿಗೇ ಹೋಗಿದ್ದೆ. ಜನ ವಿಮಾನ ನೋಡುತ್ತಿದ್ದರು, ನಾನು ಇಳಿತದ ಹೊತ್ತಿನ ಒದ್ದೆ ಮರಳಿನ ಮೇಲೆ ಹೊಟ್ಟೆಯೂರಿ ಮಲಗಿದ್ದೆ. ಹೆಬ್ಬೆರಳ ಉಗುರಿನಷ್ಟು ಏಡಿಗಳು ಮರಳನ್ನು ಬಾಯಲ್ಲಿ ಸೋಸಿ, ತಿನ್ನುವುದನ್ನು ತಿಂದು, ಉಳಿದದ್ದನ್ನು ಸಾಸಿವೆ ಉಂಡೆಯಂತೆ ಮಾಡಿ ಹಿಂದಕ್ಕೆ ಬಿಡುತ್ತವೆ. ಬಿಲದ ಸುತ್ತ ರಂಗೋಲಿಯೇ ಆಗುತ್ತದೆ. ಭರತ ಬಂದರೆ ಎಲ್ಲ ಹೋಯಿತು.

ಮೊಬೈಲಿನಲ್ಲಿ ಬರುವುದಿಲ್ಲವೇ ಅಂತೀರಾ? ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಇದರಲ್ಲಿ ಪ್ರತಿಯೊಂದೂ ನಮ್ಮ ಕೈಯಿಂದಲೇ ಆಗಬೇಕು, ನನಗೆ ಬೇಕಾದದ್ದೂ ಅದೇ. ನೋಡಿ, ಈ ಲೆನ್ಸ್ ತಾನಾಗಿ ಅರ್ಧ ಮೀಟರಿಗಿಂತ ಹತ್ತಿರದ್ದನ್ನು ಕಾಣುವುದಿಲ್ಲ. ಅದಕ್ಕೆ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಬರಿಯ ಬಳೆಗಳನ್ನು ತಿರುಪುತ್ತೇನೆ, ಒಳಗೆ ಗಾಜಿಲ್ಲ, ಟೊಳ್ಳು. ನನ್ನ ಹತ್ತಿರ 7, 14, 28 ಮಿ.ಮೀ.ಗಳ ಮೂರು ಬಳೆ ಇವೆ, ಕೂಡಿಸಿದರೆ 49. ಲೆನ್ಸನ್ನು ಕೊನೆಯವರೆಗೆ ತಿರುಗಿಸಿದರೆ ಅದು ಮತ್ತೆ ಸುಮಾರು 9 ಮಿ.ಮೀ. ಮುಂದೆ ಬರುತ್ತದೆ. ಒಟ್ಟು 58. ಇದರ ಫೋಕಲ್ ಲೆಂತೂ ಅಷ್ಟೇ, 58. ಅಲ್ಲಿಗೆ ಲೆಕ್ಕ ಕೂಡಿತು: ಎರಡೂ ಸಮವಾದರೆ ಇರುವೆ ಎಷ್ಟು ದೊಡ್ಡದೋ ಸೆನ್ಸರಿನ ಮೇಲೆ ಅಷ್ಟೇ ದೊಡ್ಡದಾಗಿ ಮೂಡುತ್ತದೆ.

ಆದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಎಫ್/8 ಇಟ್ಟರೆ ಎಫ್/16 ಇಟ್ಟ ಹಾಗೆ. ಬಿಳಿ ಪಂಚೆಯನ್ನು ಬೇಲಿಗೆ ಹರವಿ ಬಿಸಿಲನ್ನು ಈಚೆ ತಿರುಗಿಸಿಕೊಳ್ಳುತ್ತೇನೆ. ಸ್ಪಷ್ಟವಾಗಿ ಕಾಣುವ ಪದರವೋ ಒಂದು ಮಿಲಿಮೀಟರೂ ದಪ್ಪ ಇಲ್ಲ. ಲೆನ್ಸ್ ತಿರುಗಿಸಿ ಪ್ರಯೋಜನವಿಲ್ಲ, ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ಮಾಡಬೇಕು. ಒಂಬತ್ತು ಹತ್ತರ ಹೊತ್ತಿಗೆ ಕಡಲ ಗಾಳಿ ಎದ್ದಿತೆಂದರೆ ಎಲೆ ನಿಲ್ಲುವುದಿಲ್ಲ, ಕೆಲಸವೂ ಮುಗಿಯಿತು. ಇವತ್ತು ತೊಂಬತ್ತು ಫೋಟೋಗಳಲ್ಲಿ ಮೂರು ಸರಿಬಂದವು. ಆ ಮೂರರಲ್ಲಿ ನೂಲು ಕಾಣುತ್ತದೆ ಅಕ್ಕೋರೇ!

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ ನಿಮ್ಮ ಮನೆಯ ಮಾಸ್ತರರ ಝೆನಿತ್ ನೆನಪಾಯಿತು. ಯಾಣದ ಬಂಡೆಯೆದುರು ನಮ್ಮ ಏಳನೇ ತರಗತಿಯನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದಿದ್ದರಲ್ಲ, ಅದೇ. ನಿಮ್ಮ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಅಡಿ ಇದೆ ಎಂದು ನೀವೇ ಹೇಳಿದ್ದಿರಿ. ಜೋಪಾನವೆಂದು ಕತ್ತಲಲ್ಲಿ ಇಟ್ಟರೆ ನಮ್ಮೂರಲ್ಲಿ ಲೆನ್ಸ್ ಉಳಿಯುವುದಿಲ್ಲ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ, ಮೇಲೆ ಕಡಲ ತೇವ. ಕಪಾಟಿನಲ್ಲಿ ಎರಡು ಮಳೆಗಾಲ ಕಳೆದ ನನ್ನ ಇನ್ನೊಂದು ಲೆನ್ಸಿನೊಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬಿತ್ತು. ಒರೆಸಿದರೆ ಬೂಷ್ಟು ಹೋಗುತ್ತದೆ, ಅದು ತಿಂದ ಗಾಜಿನ ಲೇಪ ಮರಳುವುದಿಲ್ಲ. ಬೆಳಕು, ಗಾಳಿ, ದಿನಕ್ಕೊಮ್ಮೆ ಕೈ, ಇಷ್ಟಿದ್ದರೆ ಅದು ನಮಗಿಂತ ಹೆಚ್ಚು ದಿನ ಬಾಳುತ್ತದೆ. ನನಗೆ ಕೊಡಿ ಎನ್ನುತ್ತಿಲ್ಲ. ಹೊರಗೆ ತೆಗೆಯಿರಿ, ಅಷ್ಟೇ. ನಾನು ಇಲ್ಲೇ ನಿಂತಿರುತ್ತೇನೆ.

ತಂದಿರಾ? ಚರ್ಮದ ಚೀಲದ ಗುಂಡಿ ಕೂಡ ಹಾಗೇ ಇದೆಯಲ್ಲ! ಸೆರಗಿನಿಂದ ಒರೆಸಬೇಡಿ, ಅದರಲ್ಲಿ ಮರಳಿನ ಹುಡಿ ಇದ್ದರೆ ಗಾಜು ಗೀರುತ್ತದೆ. ಆಕಾಶದ ಕಡೆ ಹಿಡಿದು ಒಳಗೆ ನೋಡಿ. ಅಂಚಿನಲ್ಲಿ ಒಂದು ಚುಕ್ಕೆ ಇದೆ, ನಡುವೆ ತಿಳಿಯಾಗಿದೆ. ಈಗ ಬೆಳಕಿನ ಕಿಂಡಿಯ ಬಳೆಯನ್ನು ನೀವೇ ತಿರುಗಿಸಿ, ಮೆಲ್ಲಗೆ. ಎಂಟು ಎಸಳುಗಳು ಮುಚ್ಚಿ ತೆರೆಯುವುದು ಕಾಣುತ್ತಿದೆಯೇ?