ಮುದ್ದೆ ಬಿಟ್ಟು ಮದ್ದೂರಿಗೆ ಓಟ

ಮಂಡ್ಯದಲ್ಲಿದ್ದುಕೊಂಡು ಪಿಷ್ಟ ಬಿಡುತ್ತೇನೆ ಅನ್ನುವುದು ಸರ್ ಎಂ. ವಿಶ್ವೇಶ್ವರಯ್ಯನವರ ಮೇಲೆ ದಂಗೆ ಏಳುವುದಕ್ಕೆ ಸಮ. ಕನ್ನಂಬಾಡಿ ಕಟ್ಟೆಯಿಂದ ಹೊರಟ ಅವರ ಹೆಸರಿನ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗೆಲ್ಲ ನೀರು ಹರಿಸಿತು. ನೀರು ಬಂದಲ್ಲಿ ಭತ್ತ, ಕಬ್ಬು. ಕಬ್ಬು ಅರೆಯಲಿಕ್ಕೆ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ. ನೀರು ಹತ್ತದ ಹೊಲದಲ್ಲಿ ರಾಗಿ. ಅದನ್ನಾದರೂ ಅದರ ಪಾಡಿಗೆ ಬಿಟ್ಟರೇ? ಇಲ್ಲೇ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ, ‘ಇಂಡಾಫ್’ ತಳಿಗಳನ್ನು ತೆಗೆದು ಇಳುವರಿ ಏರಿಸಿದರು. ಇಷ್ಟು ಜನ ಮಹನೀಯರು ಸೇರಿ ತುಂಬಿಸಿದ ತಟ್ಟೆಯನ್ನು ಅತ್ತ ತಳ್ಳಿ, ನಾನು ಬೇಯಿಸಿದ ಮೊಟ್ಟೆ ಮುಂದಿಟ್ಟುಕೊಂಡು ಕೂತೆ.

ಡಾಕ್ಟರು ಹೇಳಿದ್ದು ಇಷ್ಟೇ: “ಶುಗರ್ರು ಗಡಿಯಲ್ಲಿದೆ, ಅನ್ನ ಕಮ್ಮಿ ಮಾಡಿ, ನಡೀರಿ.” ಇದನ್ನು ಬೆಂಗಳೂರಿನಲ್ಲಿರುವ ಮೈದುನನ ಮಗನ ಕಿವಿಗೆ ಹಾಕಿದ್ದೇ ತಡ, ಕಮ್ಮಿ ಅನ್ನುವುದು ಬಿಡುವುದಾಯಿತು, ನಡಿಗೆ ಓಟವಾಯಿತು. “ದೊಡ್ಡಮ್ಮಾ, ಆರು ತಿಂಗಳಲ್ಲಿ ಹಾಫ್ ಮ್ಯಾರಥಾನ್ ಮಾಡ್ಬಹುದು” ಅಂದ. ನಲವತ್ತೆಂಟರ ಹೆಂಗಸಿಗೆ ಇಂಥ ಮಾತನ್ನು ಯಾರೂ ಆಡಿರುವುದಿಲ್ಲ. ಉಬ್ಬಿಹೋದೆ.

ಅತ್ತೆ ಮೊದಲು ಸಂತೋಷಪಟ್ಟರು. “ಅನ್ನ ಬುಟ್ಯಾ? ಒಳ್ಳೇದಾಯ್ತು. ಎರಡು ಮುದ್ದೆ ಉಣ್ಣು.” ಮುದ್ದೆಯೂ ಇಲ್ಲ, ನೂರು ಗ್ರಾಂ ರಾಗಿಯಲ್ಲಿ ಹತ್ತಿರ ಹತ್ತಿರ 70 ಗ್ರಾಂ ಪಿಷ್ಟವೇ ಇರುತ್ತೆ ಅಂತ ವಿವರಿಸಿದೆ. ಮುದ್ದೆಕೋಲು ಕೈಯಲ್ಲೇ ನಿಂತಿತು. “ಅಂಗಾರೆ ಬಸ್ಸಾರ ಯಾತರ ಜೊತೆ ಉಂಡೀಯೆ?” ಹೂಕೋಸು ತುರಿದು ಬೇಯಿಸಿದರೆ ಅನ್ನದ ಹಾಗೇ ಇರುತ್ತೆ ಅಂದೆ. ನಮ್ಮ ಯಜಮಾನರು ಒಂದು ತುತ್ತು ಬಾಯಿಗಿಟ್ಟು, ಏನೂ ಹೇಳದೆ ಪೇಪರು ಓದಲು ಎದ್ದುಹೋದರು. ಊಟದ ಮಧ್ಯೆ ಅವರು ಎದ್ದದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಮೊದಲ ವಾರ ತೂಕ ಸರಸರ ಇಳಿಯಿತು. ಕುಣಿದಾಡಿದೆ. ಆಮೇಲೆ ಓದಿದರೆ, ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ದೇಹ ಸುಮಾರು 400–500 ಗ್ರಾಂ ಗ್ಲೈಕೊಜೆನ್ ಕೂಡಿಟ್ಟಿರುತ್ತದಂತೆ. ಒಂದೊಂದು ಗ್ರಾಮಿನ ಜೊತೆ ಮೂರು ಗ್ರಾಂ ನೀರು. ಪಿಷ್ಟ ನಿಂತರೆ ದಾಸ್ತಾನು ಕರಗಿ ನೀರೂ ಹೊರಟುಹೋಗುತ್ತದೆ. ಅಂದರೆ ನಾನು ಸಂಭ್ರಮಪಟ್ಟಿದ್ದು ಬಚ್ಚಲಿಗೆ ಹೋದದ್ದಕ್ಕೆ.

ಅತ್ತೆಯ ಬಾಯಿ ಮುಚ್ಚಿಸಲು ದೊಡ್ಡವರ ಆಸರೆ ಬೇಕಾಯಿತು. ದಕ್ಷಿಣ ಆಫ್ರಿಕದ ಡಾಕ್ಟರ್ ಟಿಮ್ ನೋಕ್ಸ್ 1985ರಲ್ಲಿ ‘ಲೋರ್ ಆಫ್ ರನ್ನಿಂಗ್’ ಅಂತ ಓಟಗಾರರ ವೇದದಂಥ ಪುಸ್ತಕ ಬರೆದವರು. ಓಡುವವರು ಪಿಷ್ಟ ತಿನ್ನಲೇಬೇಕು ಅಂತ ಅದರಲ್ಲಿತ್ತು. ಅಷ್ಟೆಲ್ಲ ಓಡಿದ ಅವರಿಗೇ ಸಕ್ಕರೆ ಕಾಯಿಲೆ ಬಂದು, 2010ರ ಹೊತ್ತಿಗೆ ಪಿಷ್ಟ ಬಿಟ್ಟು, ಊಟದ ಅಧ್ಯಾಯವನ್ನು ಹರಿದುಹಾಕಿ ಅಂದರು. ಇದನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ಭಕ್ತಿಯಿಂದ ಹೇಳಿದೆ. ಅತ್ತೆ ಸೊಪ್ಪು ಸೋಸುತ್ತಲೇ ಕೇಳಿದರು: “ಬರ್ದಿದ್ನ ತಾನೇ ಹರ್ದಾಕಿ ಅಂದೋನ ಮಾತ ಕೇಳಿ ನೀನು ರಾಗಿ ಬುಟ್ಟೀಯಾ? ನಾಳೀಕೆ ಇದ್ನೂ ಹರ್ದಾಕಿ ಅಂದ್ರೆ?”

ಓಟದ ಕಥೆ ಬೇರೆ. ನಮ್ಮ ಕಡೆ ಹೆಂಗಸು ರಸ್ತೆಯಲ್ಲಿ ಓಡುತ್ತಿದ್ದಾಳೆ ಅಂದರೆ ಎರಡೇ ಕಾರಣ: ಬಸ್ಸು ಹೊರಟಿದೆ, ಇಲ್ಲ ಯಾರಿಗೋ ಏನೋ ಆಗಿದೆ. “ಯಾಕವ್ವಾ, ಬಸ್ ತಪ್ಪೋಯ್ತಾ?” ಅಂತ ಹಾಲಿನ ಕ್ಯಾನಿನವರು ಬೈಕು ನಿಲ್ಲಿಸಿ, ಹಿಂದಿನ ಸೀಟು ಒರೆಸಿ, ಕಾಯುತ್ತಿದ್ದರು. ಸುಮ್ಮನೆ ಓಡ್ತಿದ್ದೀನಿ ಅಂದರೆ ಇನ್ನಷ್ಟು ಗಾಬರಿಯಾಗಿ, “ಮನೇಲಿ ಗೊತ್ತಾ?” ಅನ್ನುವರು.

ಕೊನೆಗೆ ತವರಿಗೇ ಓಡುವುದು ಅಂತ ತೀರ್ಮಾನಿಸಿದೆ. ಮಂಡ್ಯದಿಂದ ಮದ್ದೂರು ಸುಮಾರು 20 ಕಿಲೋಮೀಟರ್. ಹಾಫ್ ಮ್ಯಾರಥಾನಿಗೆ ಒಂದು ಕಮ್ಮಿ. ನನ್ನನ್ನು ಮಂಡ್ಯಕ್ಕೆ ಕೊಡುವಾಗ ಅಪ್ಪ ಇದನ್ನು ಯೋಚಿಸಿದ್ದರೋ ಏನೋ. ಹೊಸ ಹೆದ್ದಾರಿಗೆ 2023ರ ಆಗಸ್ಟಿನಿಂದ ಸ್ಕೂಟರೇ ಬಿಡುವುದಿಲ್ಲ, ಇನ್ನು ನನ್ನನ್ನು ಬಿಟ್ಟಾರೆಯೇ? ಹಳೇ ರಸ್ತೆಯೇ ಗತಿ. ಹಿಂದೆ ಸ್ಕೂಟರಿನಲ್ಲಿ ಯಜಮಾನರು, ಡಿಕ್ಕಿಯಲ್ಲಿ ಮೊಟ್ಟೆ, ಉಪ್ಪು ಹಾಕಿದ ಮಜ್ಜಿಗೆ. ದಾರಿಯಲ್ಲಿ ಸಿಕ್ಕವರೆಲ್ಲ ಅವರನ್ನು ದುರುಗುಟ್ಟಿಕೊಂಡು ನೋಡಿದರು. ಒಬ್ಬ ಅಜ್ಜಿಯಂತೂ ಅಡ್ಡ ನಿಲ್ಲಿಸಿ, “ಆ ಎಣ್ಣೆಂಗಸ ಯಾಕಪ್ಪ ಅಟ್ಟಾಡುಸ್ತಿದ್ದೀಯೆ?” ಅಂತ ಗದರಿಕೊಂಡಳು.

ಗೆಜ್ಜಲಗೆರೆ ಹಾಲಿನ ಡೇರಿ ಬರುವಷ್ಟರಲ್ಲಿ ಕಾಲು ನನ್ನವಾಗಿ ಉಳಿದಿರಲಿಲ್ಲ. ಕೊಬ್ಬನ್ನು ಉರಿಸಿ ಓಡಬಹುದು, ನಿಜ. ಆದರೆ ಅದೇ ವೇಗಕ್ಕೆ ಹೆಚ್ಚು ಆಮ್ಲಜನಕ ಬೇಕು ಅಂತ ಆಸ್ಟ್ರೇಲಿಯದ ಲೂಯಿಸ್ ಬರ್ಕ್ ತಂಡ ನಡಿಗೆ ಸ್ಪರ್ಧಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದೆ. ಆ ಹೆಚ್ಚಿನ ಆಮ್ಲಜನಕಕ್ಕಾಗಿ ಬಾಯಿ ತೆರೆದರೆ ಒಳಗೆ ಹೋಗಿದ್ದು ಆಲೆಮನೆಯ ಪಾಕದ ಘಮ! ಕೊಪ್ಪರಿಗೆ ಕುದಿಯುತ್ತಿತ್ತು. ಗಾಣದ ಹತ್ತಿರ ಇದ್ದ ಯಜಮಾನಪ್ಪ ನನ್ನ ಮುಖ ನೋಡಿ ಏನನ್ನೂ ಕೇಳದೆ ಚೊಂಬು ತುಂಬ ಕಬ್ಬಿನ ಹಾಲು ಕೊಟ್ಟ. ಹಿಂದಿನಿಂದ ಯಜಮಾನರು, “ಮೊಟ್ಟೆ ಕೊಡ್ಲೇನೇ?” ಅಂದರು. ಉತ್ತರ ಕೊಡಲು ಬಾಯಿ ಖಾಲಿ ಇರಲಿಲ್ಲ. ಮುಂದಿನ ದಾರಿಯನ್ನು ನಾನು ಓಡಿದ ಪರಿ ನೋಡಿ ಅವರು ಗೇರು ಬದಲಿಸಬೇಕಾಯಿತು.

ತವರಿನಲ್ಲಿ ಅಮ್ಮ ತಟ್ಟೆ ತುಂಬ ವಡೆ ಇಟ್ಟುಕೊಂಡು ಕಾಯುತ್ತಿದ್ದಳು. ಮದ್ದೂರು ರೈಲು ನಿಲ್ದಾಣದಲ್ಲಿ 1917ರಲ್ಲಿ ಶುರುವಾಯಿತು ಅನ್ನುವ ಆ ವಡೆಯಲ್ಲಿ ರವೆ, ಮೈದಾ, ಅಕ್ಕಿಹಿಟ್ಟು ಮೂರೂ ಇದೆ. ನನ್ನ ಪಥ್ಯಕ್ಕೆ ಹೊಂದುವುದು ಈರುಳ್ಳಿ ಒಂದೇ. ಈರುಳ್ಳಿಯನ್ನಷ್ಟೇ ಬಿಡಿಸಿಕೊಂಡು ತಿನ್ನಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಬಿಡಲಿಲ್ಲ, ಒಟ್ಟಿಗೇ ಬಂತು.

ಇಷ್ಟಾದರೂ ವ್ರತ ಮುರಿದಿರಲಿಲ್ಲ. ಅದಕ್ಕೆ ಮಳವಳ್ಳಿಯ ಬೀಗರೂಟವೇ ಬೇಕಾಯಿತು. ಬಂಡೂರು ಕುರಿ ಆ ತಾಲ್ಲೂಕಿನದೇ. ಬಾಡು ನನ್ನ ಪಟ್ಟಿಯಲ್ಲಿ ಧಾರಾಳವಾಗಿ ಇದ್ದದ್ದರಿಂದ ಧೈರ್ಯವಾಗಿ ಎಲೆ ಮುಂದೆ ಕೂತು, “ಮುದ್ದೆ ಬ್ಯಾಡ, ಬಾಡಷ್ಟೇ ಇಕ್ಕಿ” ಅಂದೆ. ಪಂಕ್ತಿಗೆ ಪಂಕ್ತಿಯೇ ತಿರುಗಿತು. ಒಬ್ಬಾಕೆ ಕೈಹಿಡಿದು, “ಮೈಗೆ ಉಸಾರಿಲ್ವಾ?” ಅಂದಳು. ಪಕ್ಕದವಳು ಇನ್ನೂ ತಗ್ಗಿದ ದನಿಯಲ್ಲಿ, “ಮನೇಲಿ ಅತ್ತೆ ಇಕ್ತಾಳೆ ತಾನೆ?” ಅಂದಳು. ಸಂಜೆಯೊಳಗೆ ಸುದ್ದಿ ಬೆಳಕವಾಡಿ ಮುಟ್ಟಿತು: ಆ ಮನೆಯಲ್ಲಿ ಸೊಸೆಗೆ ಮುದ್ದೆ ಹಾಕುವುದಿಲ್ಲವಂತೆ, ಪಾಪ, ತವರಿಗೆ ಓಡಿಕೊಂಡು ಹೋಗಿದ್ದಳಂತೆ.

ಎರಡನೆಯ ಮಾತನ್ನು ಅಲ್ಲಗಳೆಯುವ ಹಾಗೂ ಇರಲಿಲ್ಲ.

ಅತ್ತೆ ರಾತ್ರಿಯೇ ತೀರ್ಪು ಕೊಟ್ಟರು. ಓಡುವ ದಿನ ಮುದ್ದೆ, ಓಡದ ದಿನ ಹೂಕೋಸು. ಮನೆಯವರೆಲ್ಲರಿಗೂ ಇದೇ ಕಾನೂನು. ಈಗ ಹಿಟ್ಟು ಅಳೆಯುವ ಮುಂಚೆ ದಿನಾ ಕೇಳುತ್ತಾರೆ, “ಇವತ್ತು ಯಾರ್‍ಯಾರು ಓಡಿದ್ರಿ?” ಯಜಮಾನರು ಮರುದಿನವೇ ಶೂ ತಂದರು. ಬೆಳಗ್ಗೆ ಅದನ್ನು ಬಿಗಿದು ಕಟ್ಟಿಕೊಂಡು, ಸ್ಕೂಟರ್ ಹತ್ತಿ, ನನ್ನ ಹಿಂದೆ ಬರುತ್ತಾರೆ. ಮುದ್ದೆ ನನಗಿಂತ ಒಂದು ಜಾಸ್ತಿ.