ಪಲ್ಟಿ ಒಬ್ಬರದು, ಚಪ್ಪಾಳೆ ಇನ್ನೊಬ್ಬರಿಗೆ

ಹಾಂಗ್‌ಕಾಂಗ್‌ನ ಕುಂಗ್ ಫೂ ಚಿತ್ರಗಳಲ್ಲಿ ನಾಯಕನ ಮುಷ್ಟಿ ಖಳನ ಮೂಗಿನಿಂದ ಒಂದು ಗೇಣು ದೂರದಲ್ಲೇ ನಿಂತರೂ, ಕ್ಯಾಮೆರಾವನ್ನು ಆ ಅಂತರ ಕಾಣದ ಕೋನದಲ್ಲಿಟ್ಟು, ಆಮೇಲೆ 'ಢಬ್' ಎಂಬ ಸದ್ದನ್ನು ಸೇರಿಸಿಬಿಟ್ಟರೆ, ಪ್ರೇಕ್ಷಕನೇ ತನ್ನ ಮೂಗನ್ನು ಮುಟ್ಟಿ ನೋಡಿಕೊಳ್ಳುತ್ತಾನೆ. ಸೆಕೆಂಡಿಗೆ 24 ಚೌಕಟ್ಟುಗಳ ಬದಲು 20 ಅಥವಾ 22ನ್ನಷ್ಟೇ ಚಿತ್ರೀಕರಿಸಿ ಮಾಮೂಲಿ ವೇಗದಲ್ಲಿ ತೋರಿಸುವ 'ಅಂಡರ್‌ಕ್ರ್ಯಾಂಕಿಂಗ್' ಎಂಬ ಉಪಾಯದಿಂದ ಸೋಮಾರಿ ಕಾಲಿಗೂ ಚುರುಕು ಬರುತ್ತದೆ. ಬ್ರೂಸ್ ಲೀ ಅವರದು ಮಾತ್ರ ತದ್ವಿರುದ್ಧ ಸಂಕಟ, 'ದಿ ಗ್ರೀನ್ ಹಾರ್ನೆಟ್' ಧಾರಾವಾಹಿಯಲ್ಲಿ ಅವರ ಏಟು ಕ್ಯಾಮೆರಾಕ್ಕೆ ಸಿಗದೆ, ಅವರೇ ನಿಧಾನಿಸಬೇಕಾಯಿತು. ಆದರೂ 1973ರ 'ಎಂಟರ್ ದ ಡ್ರ್ಯಾಗನ್' ಚಿತ್ರದಲ್ಲಿ ಲೀ ಹೆಸರಿನಲ್ಲಿ ಅಂತರಲಾಗ ಹಾಕಿದವರು, ಪೆಕಿಂಗ್ ಒಪೆರಾ ಶಾಲೆಯಲ್ಲಿ ಪಳಗಿದ ಯುವೆನ್ ವಾ ಎಂಬ 'ಡ್ಯೂಪ್', ಅಂದರೆ ನಟನ ಬದಲಿಗೆ ಮೈಯೊಡ್ಡುವ ಸಾಹಸಿ. 1983ರ 'ಪ್ರಾಜೆಕ್ಟ್ ಎ' ಚಿತ್ರದಲ್ಲಿ ಗಡಿಯಾರ ಗೋಪುರದಿಂದ ತಾವೇ ಬಿದ್ದ ಜಾಕಿ ಚಾನ್, ಆ ಪತನವನ್ನು ಸಂಕಲನದಲ್ಲಿ ಮತ್ತೊಮ್ಮೆ ತೋರಿಸಿದ್ದಾರೆ. ಅಷ್ಟು ಪೆಟ್ಟು ತಿಂದವರು ಒಂದೇ ಸಲ ತೋರಿಸಿ ಸುಮ್ಮನಿರಲಿ ಎಂದರೆ ಅದು ಅನ್ಯಾಯವೇ ಸರಿ. ಹಾಲಿವುಡ್‌ನ 'ಟೇಕನ್ 3' ಚಿತ್ರದಲ್ಲಾದರೋ ನಾಯಕ ಒಂದು ಬೇಲಿ ಹಾರುವುದಕ್ಕೇ ಹತ್ತಕ್ಕೂ ಹೆಚ್ಚು ತುಣುಕುಗಳನ್ನು ಜೋಡಿಸಲಾಗಿದ್ದು, ಅಲ್ಲಿ ಹೆಚ್ಚು ಬೆವರಿದವರು ಸಂಕಲನಕಾರರೇ ಇರಬೇಕು.